ಕಾಂಪೌಂಡು ದಾಟದ ಗಾಡಿಗಳು

ಮೀರಜ್‌ನಿಂದ ಬೆಳಗಾವಿ ಕಡೆಗೆ ಹೊರಟ ರೈಲು ಶೇಡಬಾಳ, ಉಗಾರ ಖುರ್ದ ಬಿಟ್ಟು, ಕೃಷ್ಣೆ ದಾಟಿ ಕುಡಚಿಗೆ ಬರುತ್ತದೆ. ಮುಂದೆ ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್. ಕಾಗವಾಡ, ಅಥಣಿಯವರು ಗಾಡಿ ಹಿಡಿಯಲು ಶೇಡಬಾಳಕ್ಕೋ ಉಗಾರಕ್ಕೋ ಬರಬೇಕು. ನಿಪ್ಪಾಣಿಗೆ ಹಳಿಯೇ ಇಲ್ಲ. ಸದರ್ನ್ ಮರಾಠಾ ರೈಲ್ವೆಯ ಈ ಮೀಟರ್ ಗೇಜ್ ದಾರಿ 1890ರ ಹೊತ್ತಿಗೆ ಪುಣೆಯಿಂದ ಲೋಂಡಾವರೆಗೆ ಕೂಡಿಕೊಂಡಿತು. ಮೀರಜ್–ಲೋಂಡಾ ಭಾಗ ಬ್ರಾಡ್‌ಗೇಜ್ ಆದದ್ದು 1990ರ ದಶಕದಲ್ಲಿ. ಅಲ್ಲಿಯವರೆಗೂ ಮುಚ್ಚಿದ ಡಬ್ಬಿ, ತೆರೆದ ಡಬ್ಬಿ, ಟ್ಯಾಂಕರ್, ಗಾರ್ಡಿನ ಬ್ರೇಕ್‌ವ್ಯಾನ್ ಎಲ್ಲವನ್ನೂ ಈ ಊರುಗಳು ಕಂಡವು.

ಇಲ್ಲಿಗೆ ಎಂದೂ ಬಾರದ ಒಂದು ಜಾತಿಯ ಗಾಡಿಗಳಿದ್ದವು. ಅವು ಹುಟ್ಟಿದ್ದು ಒಂದೇ ಕಾರ್ಖಾನೆಯ ಒಂದೇ ಕೆಲಸಕ್ಕೆ. ಟೈಮ್‌ಟೇಬಲ್ಲಿನಲ್ಲಿ ಅವುಗಳ ಸುಳಿವಿಲ್ಲ, ಪ್ಲಾಟ್‌ಫಾರ್ಮಿನಲ್ಲಿ ನಿಂತವರ ಕಣ್ಣಿಗೂ ಬಿದ್ದಿಲ್ಲ. ರೈಲಿನ ಕಿರುಮಾದರಿ ಕಟ್ಟುವವರನ್ನು ಹೆಚ್ಚು ಸೆಳೆಯುವುದು, ಹೆಚ್ಚು ಕಾಡಿಸುವುದು ಉಕ್ಕಿನ ಕಾರ್ಖಾನೆಯ ಈ ಗಾಡಿಗಳೇ.

ಕನ್ನಡ ನಾಡಿನಲ್ಲಿ ಅವುಗಳ ಮೊದಲ ಮನೆ ಭದ್ರಾವತಿ. ಮೈಸೂರು ಸಂಸ್ಥಾನ ಅಲ್ಲಿ ಕಟ್ಟಿದ ಕಾರ್ಖಾನೆ 1923ರ ಜನವರಿಯಲ್ಲಿ ಕೆಲಸ ಆರಂಭಿಸಿತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಅದೇ ವರ್ಷ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾದರು. ಕಲ್ಲಿದ್ದಲು ಇಲ್ಲದ ಸೀಮೆ ಅದು. ಊದುಕುಲುಮೆ ಉರಿದದ್ದು ಮಲೆನಾಡಿನ ಮರದ ಇದ್ದಿಲಿನಿಂದ. ಕೆಮ್ಮಣ್ಣುಗುಂಡಿಯ ಅದಿರು ತೂಗುಬುಟ್ಟಿಗಳಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮ್‌ವೇಯ ಸಣ್ಣ ಹಳಿಯ ಮೇಲೆ ಭದ್ರಾವತಿಗೆ ಸಾಗುತ್ತಿತ್ತು. ಅದಿರು, ಇದ್ದಿಲು, ಸುಣ್ಣಕಲ್ಲುಗಳ ತೂಕವೂ ಬೇರೆ, ಸುರಿಯುವ ಬಗೆಯೂ ಬೇರೆ. ಇದ್ದಿಲು ಹಗುರ, ಡಬ್ಬಿ ತುಂಬಿ ತುಳುಕಿದರೂ ತೂಕ ಬಾರದು. ಅದಿರು ತಳದಲ್ಲಿ ಒಂದಿಷ್ಟು ಬಿದ್ದರೆ ಸಾಕು, ಅಚ್ಚು ನರಳುತ್ತದೆ. ಇಂಥ ಕಾರ್ಖಾನೆಯ ಗಾಡಿಗಳ ರೂಪ ಬಗೆಬಗೆಯಾಗಲು ಇದೇ ಕಾರಣ.

ಕುಲುಮೆಯ ಬಾಯಿಂದ ಹೊರಬಂದ ಮೇಲೆ ಗಾಡಿಗಳ ರೂಪ ಇನ್ನೂ ವಿಚಿತ್ರವಾಗುತ್ತದೆ. ದ್ರವ ಕಬ್ಬಿಣ ಒಯ್ಯುವ ಲ್ಯಾಡಲ್ ಗಾಡಿ ಎಂದರೆ ತಗ್ಗಾದ ಚೌಕಟ್ಟಿನ ಮೇಲೆ ಎರಡು ಗೂಟಗಳಿಗೆ ತೂಗುವ ಕೊಪ್ಪರಿಗೆ, ಒಳಗೆ ಬೆಂಕಿ ತಡೆಯುವ ಇಟ್ಟಿಗೆಯ ಗೋಡೆ. ಕಿಟ್ಟ (ಸ್ಲ್ಯಾಗ್) ಒಯ್ಯುವ ಗಾಡಿಗೆ ಸಾಮಾನ್ಯವಾಗಿ ಇಟ್ಟಿಗೆ ಬೇಕಿಲ್ಲ. ದಪ್ಪ ಎರಕದ ಬೋಗುಣಿಗೆ ಕಿಟ್ಟವೇ ಹೆಪ್ಪುಗಟ್ಟಿ ಒಳಗವಚವಾಗುತ್ತದೆ. ಈ ಕುಲದ ದೈತ್ಯ ಟಾರ್ಪೆಡೊ ಗಾಡಿ, ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯು ಕಾರ್ಖಾನೆಯೊಳಗೆ ಈಗಲೂ ಓಡಾಡುತ್ತದೆ. ನಡು ಉಬ್ಬಿ ತುದಿ ಸಪೂರವಾದ ಮೃದಂಗದಂಥ ಒಡಲು, ಮೇಲೆ ಒಂದೇ ಬಾಯಿ. ಸುರಿಯುವಾಗ ಇಡೀ ಒಡಲೇ ಹೊರಳುತ್ತದೆ. ಕಬ್ಬಿಣ ಗಂಟೆಗಟ್ಟಲೆ ದ್ರವವಾಗಿಯೇ ಉಳಿಯಲಿ ಎಂದು ಬಂದ ಆಕಾರ ಇದು.

ಇವುಗಳ ಮಾದರಿ ಮಾಡುವುದು ಹೇಗೆ? ಅಮೆರಿಕದ ಗಿರಣಿಗಳ ಲ್ಯಾಡಲ್ ಮತ್ತು ಕಿಟ್ಟದ ಗಾಡಿಗಳನ್ನು ಅಲ್ಲಿನ ವಾಲ್ಥರ್ಸ್ ಕಂಪನಿ ಮಾದರಿಗಳಾಗಿ ಮಾರಿದೆ. ಭದ್ರಾವತಿಯದು ಬೇಕೆಂದರೆ ಹಾಳೆ, ತಂತಿಗಳಿಂದಲೇ ಶುರುಮಾಡಬೇಕು. ಹವ್ಯಾಸಿಗಳಲ್ಲಿ ಬಹಳ ಬಳಕೆಯ ಅಳತೆ 1:87. ಅದರಲ್ಲಿ ಮೀಟರ್ ಗೇಜ್ ಸುಮಾರು 11.5 ಮಿ.ಮೀ. ಆಗುತ್ತದೆ, ಅಂಗಡಿಯಲ್ಲಿ ಸಿಗುವ 12 ಮಿ.ಮೀ. ಹಳಿ ಹೆಚ್ಚುಕಡಿಮೆ ಸರಿಹೋಗುತ್ತದೆ. ಬ್ರಾಡ್‌ಗೇಜ್‌ಗೆ 19 ಮಿ.ಮೀ. ಮೀರಿದ ಅಗಲ ಬೇಕು, ಸಿದ್ಧ ಹಳಿ ಸಿಗುವುದು 16.5ರದು. ಹೀಗಾಗಿ ರಾಯಬಾಗದ ಇಂದಿನ ಹಳಿಗಿಂತ ಅಜ್ಜನ ಕಾಲದ ಹಳಿಯನ್ನು ಕಿರಿದಾಗಿಸುವುದೇ ಸುಲಭ! 25 ಮೀಟರ್ ಉದ್ದದ ಟಾರ್ಪೆಡೊ ಗಾಡಿ ಈ ಅಳತೆಯಲ್ಲಿ 29 ಸೆಂ.ಮೀ. ಆಗುತ್ತದೆ. ಚೌಕಟ್ಟಿಗೆ ಪ್ಲಾಸ್ಟಿಕ್ ಅಥವಾ ಹಿತ್ತಾಳೆ ಹಾಳೆ; ಕೊಪ್ಪರಿಗೆಯನ್ನು ಲೇತಿನಲ್ಲಿ ಕಡೆಯಬೇಕು; ರಿವೆಟ್ಟುಗಳನ್ನು ಹಾಳೆಯ ಹಿಂಬದಿಯಿಂದ ಸೂಜಿಮೊನೆಯಲ್ಲಿ ಒತ್ತಿ ಎಬ್ಬಿಸಬೇಕು.

ಈ ಕೈಚಳಕ ಬೆಳಗಾವಿ ಸೀಮೆಗೆ ಹೊಸದಲ್ಲ. ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯ ವಿಕ್ಟೋರಿಯಾ ಜುಬಿಲಿ ಸಂಸ್ಥೆಯಲ್ಲಿ ಯಂತ್ರಗಳ ಡ್ರಾಯಿಂಗ್ ಕಲಿಸುತ್ತಿದ್ದವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ, ಆಮೇಲೆ ಕಬ್ಬಿಣದ ನೇಗಿಲು. ಊರು ಬೆಳೆಯಲು ಕಾರ್ಖಾನೆಯ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ಬಾಳಾಸಾಹೇಬ ಪಂತ ಪ್ರತಿನಿಧಿಗಳು ಕುಂಡಲ ರೋಡ್ ನಿಲ್ದಾಣದ ಬಳಿ ನೆಲ ಕೊಟ್ಟರು. 1910ರಲ್ಲಿ ಅಲ್ಲಿ ಎದ್ದದ್ದೇ ಕಿರ್ಲೋಸ್ಕರವಾಡಿ, ಅದೂ ಮೀರಜ್–ಪುಣೆ ಹಳಿಯ ಪಕ್ಕದಲ್ಲೇ.

ಫೌಂಡ್ರಿಯಲ್ಲಿ ಕಬ್ಬಿಣಕ್ಕೆ ಮುಂಚೆ ಮರದ ಕೆಲಸ ನಡೆಯುತ್ತದೆ. ಪ್ಯಾಟರ್ನ್ ಮಾಡುವವನು ನಕ್ಷೆ ನೋಡಿ, ಆಗಬೇಕಾದ ವಸ್ತುವನ್ನು ಮೊದಲು ಮರದಲ್ಲಿ ಕೆತ್ತುತ್ತಾನೆ. ಆರುವಾಗ ಬೀಡುಕಬ್ಬಿಣ ಕುಗ್ಗುವುದರಿಂದ ಅಡಿಗೆ ಎಂಟನೇ ಒಂದಂಶ ಇಂಚು ಹೆಚ್ಚಿಗೆ ಹಿಡಿಯುತ್ತಾನೆ. ಮರಳಿನಿಂದ ಪ್ಯಾಟರ್ನ್ ಸಲೀಸಾಗಿ ಏಳಲೆಂದು ಬದಿಗಳನ್ನು ತುಸು ಓರೆ ಮಾಡುತ್ತಾನೆ. ಬೆಳಗಾವಿ, ಕೊಲ್ಹಾಪುರಗಳ ಫೌಂಡ್ರಿಗಳಲ್ಲಿ ಈ ವಿದ್ಯೆ ಇಂದಿಗೂ ಜೀವಂತ, ಆ ಎರಡು ಊರುಗಳ ನಡುವಿನ ಹೆದ್ದಾರಿಯಲ್ಲೇ ನಿಪ್ಪಾಣಿ ಇದೆ. ಲ್ಯಾಡಲ್ ಗಾಡಿಯ ಮಾದರಿ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಗುರುಮನೆ ಸಿಗದು.

ಕೆಲಸದ ತುರ್ತು ಬೇರೆ ಇದೆ. ಮೈಸೂರಿನಲ್ಲಿ 1979ರಿಂದ ರೈಲು ಸಂಗ್ರಹಾಲಯವಿದೆ, ಹುಬ್ಬಳ್ಳಿಯದು 2020ರಲ್ಲಿ ತೆರೆಯಿತು. ಪುಣೆಯ ಕೋಥ್ರೂಡಿನಲ್ಲಿ ಜೋಶಿ ಅವರ ಕಿರುರೈಲುಗಳ ಸಂಗ್ರಹಾಲಯವನ್ನು 1998ರಿಂದ ಜನ ನೋಡುತ್ತಿದ್ದಾರೆ. ಆದರೆ ಇಂಥ ಕಡೆ ಗೌರವದ ಜಾಗ ಎಂಜಿನ್ನಿಗೆ, ರಾಜರ ಸಲೂನಿಗೆ. ಕಿಟ್ಟ ಹೊತ್ತ ಗಾಡಿ ಸವೆದ ಮೇಲೆ ಅದೇ ಗುಜರಿಯಾಗಿ ಮತ್ತೆ ಕುಲುಮೆಗೆ ಹೋಗುತ್ತದೆ. ಭದ್ರಾವತಿ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು ಅದನ್ನು ನಡೆಸುವ ಭಾರತೀಯ ಉಕ್ಕು ಪ್ರಾಧಿಕಾರ (ಸೇಲ್) ತೆಗೆದುಕೊಂಡದ್ದು 2023ರ ಜನವರಿಯಲ್ಲಿ, ಕಾರ್ಖಾನೆಗೆ ನೂರು ವರ್ಷ ತುಂಬಿದ ತಿಂಗಳಲ್ಲೇ. ಆ ವರ್ಷ ಆಗಸ್ಟ್‌ನಲ್ಲಿ ರೋಲಿಂಗ್ ವಿಭಾಗ ಮತ್ತೆ ಶುರುವಾಯಿತು. ಅಲ್ಲಿ ಉಳಿದ ಗಾಡಿಗಳನ್ನು ಅನುಮತಿ ಪಡೆದು ಈಗಲೇ ಅಳೆಯಬೇಕು: ಅಚ್ಚಿನಿಂದ ಅಚ್ಚಿಗೆ ದೂರ, ಗಾಲಿಯ ವ್ಯಾಸ, ಗೂಟದ ಎತ್ತರ, ಕೊಪ್ಪರಿಗೆಯ ಬಾಯಗಲ, ಆಮೇಲೆ ಬೆಸೆದ ತೇಪೆಗಳು, ಬಣ್ಣದಲ್ಲಿ ಬರೆದ ನಂಬರು. ಅಳತೆಪಟ್ಟಿ ಇಟ್ಟೇ ಫೋಟೊ ತೆಗೆಯಬೇಕು.