ಚಲಚ್ಚಿತ್ರವೂ ಸಹೃದಯರೂ

ಕಾವ್ಯವು ಸಾರ್ಥಕವಾಗಬೇಕಾದರೆ ಕವಿಯೊಬ್ಬನೇ ಸಾಲನು, ಸಹೃದಯನೂ ಬೇಕೆಂಬುದು ನಮ್ಮ ಆಲಂಕಾರಿಕರ ಮತ. ಚಲಚ್ಚಿತ್ರದ ವಿಷಯದಲ್ಲಿಯೂ ಈ ಮಾತು ದಿಟವೆಂಬುದನ್ನು ಕಲ್ಕತ್ತೆಯ ಒಂದು ಸಣ್ಣ ಸಂಘದ ಚರಿತ್ರೆಯು ತೋರಿಸಿಕೊಡುತ್ತದೆ.

ದೇಶವು ಸ್ವತಂತ್ರವಾದ 1947ನೆಯ ಇಸವಿಯಲ್ಲಿಯೇ ಸತ್ಯಜಿತ್ ರಾಯ್, ಚಿದಾನಂದ ದಾಸಗುಪ್ತ ಮೊದಲಾದ ತರುಣರು ಕಲ್ಕತ್ತಾ ಫಿಲ್ಮ್ ಸೊಸೈಟಿಯನ್ನು ಸ್ಥಾಪಿಸಿದರು. ಸಿನಿಮಾ ಎಂದರೆ ಹಾಡು ಕುಣಿತಗಳಿಂದ ಹೊತ್ತುಕಳೆಯುವ ಸಾಧನವೆಂದೇ ಆಗ ವಿದ್ಯಾವಂತರಲ್ಲಿಯೂ ಬಹುಮಂದಿಯ ಭಾವನೆ. ಸಂಘದವರು ಮೊದಲು ತರಿಸಿ ನೋಡಿದುದು ರಷ್ಯಾದ ಐಸೆನ್‌ಸ್ಟೈನನು 1925ರಲ್ಲಿ ನಿರ್ಮಿಸಿದ 'ಬ್ಯಾಟಲ್‌ಷಿಪ್ ಪೊಟೆಂಕಿನ್' ಎಂಬ ಮೂಕಚಿತ್ರವನ್ನು. ಅದರಲ್ಲಿ ಒಡೆಸ್ಸಾ ನಗರದ ಸೋಪಾನಗಳ ಮೇಲೆ ಸೈನಿಕರು ಜನರನ್ನು ಗುಂಡಿಟ್ಟು ಕೆಡಹುವ ಸನ್ನಿವೇಶವೊಂದಿದೆ. ಇಳಿದುಬರುವ ಬೂಟುಗಾಲುಗಳು, ತಾಯಿಯ ಮುಖ, ಉರುಳಿಹೋಗುವ ಕೂಸಿನ ಗಾಡಿ, ಈ ಬಿಡಿಚಿತ್ರಗಳನ್ನು ಜೋಡಿಸಿರುವ ಕ್ರಮದಿಂದಲೇ ಭಯಾನಕವೂ ಕರುಣವೂ ಉದಿಸುತ್ತವೆ. ಕವಿಗೆ ಪದಯೋಜನೆ ಹೇಗೋ ನಿರ್ದೇಶಕನಿಗೆ ಈ ಜೋಡಣೆ ಹಾಗೆ. ಅದನ್ನು ಕಂಡುಕೊಳ್ಳುವ ಕಣ್ಣೂ ಅಭ್ಯಾಸದಿಂದಲೇ ಬರತಕ್ಕದ್ದು.

1949ರಲ್ಲಿ ಫ್ರಾನ್ಸಿನ ಜಾನ್ ರೆನ್ವಾರ್ ತಮ್ಮ 'ದಿ ರಿವರ್' ಚಿತ್ರದ ಕಾರ್ಯಕ್ಕಾಗಿ ಕಲ್ಕತ್ತೆಗೆ ಬಂದಾಗ ರಾಯ್ ಅವರು ಸ್ಥಳಗಳನ್ನು ಹುಡುಕಲು ನೆರವಾದರು. 1950ರಲ್ಲಿ ಲಂಡನ್ನಿನಲ್ಲಿ ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್' ನೋಡಿದರು. ಪ್ರಸಿದ್ಧ ನಟರಿಲ್ಲದೆ, ಬೀದಿಯ ಬೆಳಕಿನಲ್ಲಿಯೇ ತೆಗೆದ ಆ ಚಿತ್ರದಿಂದ ಅವರ ಸಂಕಲ್ಪವು ದೃಢವಾಯಿತು. ಬಿಭೂತಿಭೂಷಣ ಬಂದ್ಯೋಪಾಧ್ಯಾಯರ 'ಪಥೇರ್ ಪಾಂಚಾಲಿ' ಕಾದಂಬರಿಯನ್ನು ಆರಿಸಿಕೊಂಡು 1952ರ ಅಕ್ಟೋಬರಿನಲ್ಲಿ ಅವರು ಕೆಲಸಕ್ಕೆ ಕೈಹಾಕಿದರು.

ಹಾಡುಗಳಿಲ್ಲದ ಕಥೆಗೆ ಹಣ ಹೂಡುವ ನಿರ್ಮಾಪಕರು ದೊರೆಯಲಿಲ್ಲ. ಮಡದಿಯ ಒಡವೆಗಳು ಒತ್ತೆಗೆ ಹೋದುವು; ಆದರೂ ಕೆಲಸವು ತಿಂಗಳುಗಟ್ಟಲೆ ನಿಂತುಹೋಯಿತು. ಕಡೆಗೆ ಮುಖ್ಯಮಂತ್ರಿ ಬಿಧಾನಚಂದ್ರ ರಾಯ್ ಅವರ ಪಶ್ಚಿಮ ಬಂಗಾಳ ಸರ್ಕಾರವು ದ್ರವ್ಯಸಹಾಯ ಮಾಡಿತು. ಚಿತ್ರದ ಹೆಸರಿನಲ್ಲಿ 'ಪಥ'ವಿದ್ದುದರಿಂದ ಆ ಹಣವು ರಸ್ತೆಗಳ ಸುಧಾರಣೆಯ ಲೆಕ್ಕಕ್ಕೆ ಸೇರಿತೆಂಬ ಮಾತು ಪ್ರಸಿದ್ಧವಾಗಿದೆ.

1955ರ ಆಗಸ್ಟಿನಲ್ಲಿ ಕಲ್ಕತ್ತೆಯಲ್ಲಿ ಚಿತ್ರವು ತೆರೆಕಂಡಾಗ ಮೊದಮೊದಲು ಜನ ವಿರಳವಾಗಿದ್ದರು. ನೋಡಿದವರು ನೋಡದವರಿಗೆ ಹೇಳಿ, ಬೇಗನೆ ಮಂದಿರವು ತುಂಬಿತು. ಮರುವರ್ಷ ಕಾನ್ ಉತ್ಸವದಲ್ಲಿ ಅದಕ್ಕೆ ಪ್ರಶಸ್ತಿಯೂ ದೊರೆಯಿತು. ಜನರಿಗೆ ಇಂಥದು ರುಚಿಸದೆಂದು ವರ್ತಕರು ಹೇಳುತ್ತಿದ್ದ ಮಾತಿಗೆ ಕಾನ್ ಉತ್ಸವಕ್ಕಿಂತ ಮೊದಲೇ ಕಲ್ಕತ್ತೆಯ ಪ್ರೇಕ್ಷಕರು ಉತ್ತರ ಕೊಟ್ಟಿದ್ದರು.

1959ರಲ್ಲಿ ಇಂಥ ಸಂಘಗಳು ಒಂದು ಒಕ್ಕೂಟವಾಗಿ, ನೋಡುವ ಅಭ್ಯಾಸವು ಊರಿಂದೂರಿಗೆ ಹಬ್ಬಿತು. ಕನ್ನಡದಲ್ಲಿಯೂ 1970ರಲ್ಲಿ ಪಟ್ಟಾಭಿರಾಮರೆಡ್ಡಿಯವರ 'ಸಂಸ್ಕಾರ'ವು ಮೊದಲು ಸೆನ್ಸಾರಿನ ನಿಷೇಧಕ್ಕೊಳಗಾಗಿ, ಆಮೇಲೆ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು.

ವಿನೋದವು ನಿಂದ್ಯವಲ್ಲ, ದಣಿದವನಿಗೆ ಅದೂ ಬೇಕು. ಆದರೆ ಒಂದು ಕಾವ್ಯವನ್ನು ಮರಳಿ ಮರಳಿ ಓದುವವನು ಒಂದು ಚಿತ್ರವನ್ನೂ ಅದೇ ಶ್ರದ್ಧೆಯಿಂದ ಮರಳಿ ನೋಡಬಹುದು. ಕಲ್ಕತ್ತೆಯ ಆ ತರುಣರು ಮಾಡಿದುದು ಇಷ್ಟೇ: ಚಿತ್ರವನ್ನು ತೆಗೆಯುವುದಕ್ಕೆ ಮುಂಚೆ ಅವರು ನೋಡುವುದನ್ನು ಕಲಿತರು.