ಹಳೆಯ ಅಕ್ಕಿ ಗಿರಣಿ: ಗುಜರಿಗೆ ಹಾಕುವ ಮುನ್ನ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹಳ್ಳಿಗಳಲ್ಲಿ 'ಗಿರಣಿ' ಎಂದರೇನೆಂದು ಯಾರಿಗೂ ವಿವರಿಸಬೇಕಿಲ್ಲ. ಅಥಣಿಯ ಕಡೆ ಅದು ಜೋಳ ಬೀಸುವ ಕಲ್ಲು. ನಿಪ್ಪಾಣಿಯಿಂದ ಪಶ್ಚಿಮಕ್ಕೆ, ಮಳೆ ಹೆಚ್ಚಿರುವತ್ತ ಹೋದಂತೆ ಭತ್ತವೂ ಕಾಣುತ್ತದೆ, ಭತ್ತದ ಹಲ್ಲರ್ ಕೂಡ. ನಿಮ್ಮ ಊರಿನಲ್ಲಿ ಅಂಥದೊಂದು ಹಲ್ಲರ್ ತುಕ್ಕು ಹಿಡಿದು ನಿಂತಿದೆಯೇ? ಹಾಗಿದ್ದರೆ ಅದರ ಚರಿತ್ರೆ ತಿಳಿಯೋಣ.

ಬ್ರೆಜಿಲ್‌ನಿಂದ ಹಳ್ಳಿಗೆ

ಎವಾರಿಸ್ಟೋ ಕೊನ್ರಾಡೋ ಎಂಗಲ್‌ಬರ್ಗ್ ಎಂಬ ಬ್ರೆಜಿಲ್‌ನ ಎಂಜಿನಿಯರ್ 1885ರಲ್ಲಿ ಕಾಫಿ ಮತ್ತು ಭತ್ತದ ಸಿಪ್ಪೆ ಸುಲಿಯುವ ಯಂತ್ರ ರೂಪಿಸಿದ. 1888ರಲ್ಲಿ ಅದನ್ನು ತಯಾರಿಸಲು ಅಮೆರಿಕದ ಸಿರಾಕ್ಯೂಸ್‌ನಲ್ಲಿ ಕಂಪನಿ ಹುಟ್ಟಿತು. ಅದೇ ವರ್ಷ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಸೈಕಲ್ ಅಂಗಡಿ ತೆರೆದರು. ಮುಂದೆ ಅವರು ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲು ತಯಾರಿಸಿ, 1910ರಲ್ಲಿ ಕಾರ್ಖಾನೆಯನ್ನು ಇಂದಿನ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿಗೆ ಒಯ್ದರು. ಎರಕದ ಕಬ್ಬಿಣದ ಕೃಷಿ ಯಂತ್ರಗಳು ಈ ಗಡಿನಾಡಿನ ಪಕ್ಕದಲ್ಲೇ ಬೆಳೆದವು.

ಕೆಲಸದ ಬಗೆ

ಹಲ್ಲರಿನೊಳಗೆ ಏಣುಗಳಿರುವ ಎರಕದ ಕಬ್ಬಿಣದ ಉರುಳೆ ತಿರುಗುತ್ತದೆ. ಅದರ ಕೆಳಗೆ ಸೀಳುಗಳಿರುವ ಜಾಲರಿ, ಪಕ್ಕದಲ್ಲಿ ಹಿಂದೆ ಮುಂದೆ ಸರಿಸಬಹುದಾದ ಉಕ್ಕಿನ ಪಟ್ಟಿ. ಕಾಳು ಕಾಳಿಗೆ ಉಜ್ಜಿ ಹೊಟ್ಟು ಮತ್ತು ತೌಡು ಒಟ್ಟಿಗೇ ಕಳಚುತ್ತವೆ. ಪಟ್ಟಿ ಉರುಳೆಗೆ ತೀರ ಹತ್ತಿರವಾದರೆ ನುಚ್ಚು, ದೂರವಾದರೆ ಸುಲಿಯದ ಭತ್ತ.

ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುತ್ತದೆ, ಅದರ ರಾಟೆಯ ವ್ಯಾಸ 40 ಸೆಂ.ಮೀ., ಹಲ್ಲರಿನದು 30 ಸೆಂ.ಮೀ. ಎಂದುಕೊಳ್ಳಿ. ಆಗ ಹಲ್ಲರಿನ ವೇಗ 600 × 40 ÷ 30 = 800 ಸುತ್ತು. ಬೆಲ್ಟನ್ನು ಅಡ್ಡ ಹಾಕಿದರೆ ತಿರುಗುವ ದಿಕ್ಕು ಬದಲಾಗುತ್ತದೆ. ರಾಟೆಯ ನಡುಭಾಗ ತುಸು ಉಬ್ಬಿರುವುದರಿಂದ ಚಪ್ಪಟೆ ಬೆಲ್ಟ್ ಜಾರದೆ ಅಲ್ಲೇ ನಿಲ್ಲುತ್ತದೆ. ತರಗತಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕೇ?

ಲಾಭ, ನಷ್ಟ

ಒನಕೆ ಹಿಡಿದು ದಿನವೂ ಭತ್ತ ಕುಟ್ಟುತ್ತಿದ್ದ ಹೆಂಗಸರ ತೋಳಿಗೆ ಹಲ್ಲರ್ ಬಿಡುವು ಕೊಟ್ಟಿತು. ಇದನ್ನು ಮರೆಯಬಾರದು. ಆದರೆ 100 ಕಿಲೋ ಭತ್ತದಿಂದ ಅದು ಹಲವು ಸಲ 55 ಕಿಲೋದಷ್ಟೇ ಅಕ್ಕಿ ಕೊಡುತ್ತದೆ. ರಬ್ಬರ್ ಉರುಳೆಗಳ ಆಧುನಿಕ ಗಿರಣಿ 65ಕ್ಕೂ ಹೆಚ್ಚು ಕೊಡಬಲ್ಲದು. ಹೊಟ್ಟಿನೊಂದಿಗೆ ಬೆರೆತ ತೌಡು ಎಣ್ಣೆ ತೆಗೆಯಲು ಬಾರದು, ದನಗಳಿಗೇ ಮೇವು. ತೌಡಿನೊಂದಿಗೆ ಬಿ1 ಜೀವಸತ್ವವೂ ಹೋಗುತ್ತದೆ. ಅತಿ ಪಾಲಿಷ್ ಅಕ್ಕಿಗೂ ಬೆರಿಬೆರಿಗೂ ಇರುವ ನಂಟಿನ ಸುಳಿವು 1890ರ ದಶಕದಲ್ಲಿ ಜಾವಾದಲ್ಲಿ ಐಕ್‌ಮನ್ನರಿಗೆ ಸಿಕ್ಕಿದ್ದು ಕೋಳಿಗಳಿಂದ. 1958ರಲ್ಲಿ ಭಾರತ ಸರ್ಕಾರ ಅಕ್ಕಿ ಗಿರಣಿಗಳಿಗೆ ಅನುಮತಿ, ಲೈಸೆನ್ಸ್ ಕಡ್ಡಾಯ ಮಾಡಿತು. ಆ ಕಾಯ್ದೆ 1997ರಲ್ಲಿ ರದ್ದಾಯಿತು.

ಉಳಿಸುವುದು ಹೇಗೆ?

ಬಿಚ್ಚುವ ಮೊದಲು ಎಲ್ಲ ಬದಿಗಳಿಂದ ಫೋಟೊ ತೆಗೆಯಿರಿ. ರಾಟೆಗಳ ವ್ಯಾಸ ಅಳೆದು ನಕ್ಷೆ ಬರೆಯಿರಿ. ತಯಾರಕರ ಹೆಸರಿನ ಫಲಕಕ್ಕೆ ಬಣ್ಣ ಬಳಿಯಬೇಡಿ. ತುಕ್ಕನ್ನು ಸೀಮೆಎಣ್ಣೆ ಮತ್ತು ಬ್ರಷ್‌ನಿಂದ ಮೆಲ್ಲಗೆ ತೆಗೆಯಿರಿ. ಮರಳು ಚಿಮ್ಮಿಸಿ ಉಜ್ಜಿದರೆ ಸವೆತದ ಗುರುತು ಅಳಿಯುತ್ತದೆ. ಎಷ್ಟು ಭತ್ತ ಹಾದುಹೋಗಿದೆ ಎಂಬುದಕ್ಕೆ ಆ ಸವೆತವೇ ಸಾಕ್ಷಿ. ಹೊಸ ಬಿಡಿಭಾಗ ಹಾಕಿದರೆ ತೆಗೆದ ಹಳೆಯದನ್ನು ಚೀಟಿ ಕಟ್ಟಿ ಇಡಿ. ಚಾವಣಿಯ ಹಳೆಯ ಶೀಟು ಕಲ್ನಾರಿನದಾಗಿದ್ದರೆ ಕೊರೆಯಬೇಡಿ, ಒಡೆಯಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಬೆಲ್ಟಿಗೆ ತಡೆಬೇಲಿ ಇಲ್ಲದೆ ಯಂತ್ರ ಓಡಿಸಬಾರದು, ಮಕ್ಕಳ ಕೈಗಂತೂ ಕೊಡಲೇಬಾರದು.

ಇವೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸ ಇನ್ನೊಂದಿದೆ. ಆ ಪಟ್ಟಿಯನ್ನು ಯಾವ ಭತ್ತಕ್ಕೆ ಎಷ್ಟು ಸರಿಸಬೇಕೆಂದು ಹಳೆಯ ಗಿರಣಿಯವರು ಸದ್ದು ಕೇಳಿ, ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ನೋಡಿ ಹೇಳಬಲ್ಲರು. ಯಾವ ಫಲಕದಲ್ಲೂ ಅದು ಬರೆದಿಲ್ಲ. ನಿಮ್ಮ ವಿದ್ಯಾರ್ಥಿಗಳನ್ನು ಅವರ ಬಳಿ ಕಳುಹಿಸಿ, ಕೇಳಿ ಬರೆದುಕೊಂಡು ಬರಲಿ. ಕಬ್ಬಿಣ ಇನ್ನಷ್ಟು ವರ್ಷ ಕಾದೀತು.