ಬಹುಮಾಧ್ಯಮ ಪ್ಲಗಿನ್

ಬ್ರೌಸರ್ ತಾನಾಗಿ ತೋರಿಸಲಾಗದ ಧ್ವನಿ, ವಿಡಿಯೊ, ಅನಿಮೇಷನ್ ಹಾಗೂ ಆಟಗಳನ್ನು ಜಾಲಪುಟದೊಳಗೇ ನಡೆಸಲು ಪ್ರತ್ಯೇಕವಾಗಿ ಅಳವಡಿಸಿಕೊಳ್ಳುತ್ತಿದ್ದ ಪೂರಕ ತಂತ್ರಾಂಶ. ನೆಟ್‌ಸ್ಕೇಪ್ ನ್ಯಾವಿಗೇಟರ್ 2.0 ಜೊತೆ ಬಂದ ಎನ್‌ಪಿಎಪಿಐ ವ್ಯವಸ್ಥೆ ಇದಕ್ಕೆ ತಳಹದಿ. ಫ್ಲ್ಯಾಶ್, ರಿಯಲ್‌ಪ್ಲೇಯರ್, ಕ್ವಿಕ್‌ಟೈಮ್, ಜಾವಾ ಆ್ಯಪ್ಲೆಟ್, ಸಿಲ್ವರ್‌ಲೈಟ್ ಇವುಗಳಲ್ಲಿ ಮುಖ್ಯವಾದವು.

ಅವನತಿ: ಪ್ಲಗಿನ್‌ಗಳು ಬ್ರೌಸರಿನ ಹತೋಟಿಗೆ ಪೂರ್ತಿ ಒಳಪಡದೆ ಓಡುತ್ತಿದ್ದುದರಿಂದ ಅವುಗಳ ಲೋಪಗಳು ದಾಳಿಕೋರರಿಗೆ ದಾರಿಯಾದವು. ಬ್ಯಾಟರಿಯ ಮೇಲಿನ ಹೊರೆಯೂ ಹೆಚ್ಚಿತ್ತು. ಐಫೋನ್ ಫ್ಲ್ಯಾಶನ್ನು ಒಪ್ಪಲೇ ಇಲ್ಲ. 2010ರ ಏಪ್ರಿಲ್‌ನಲ್ಲಿ ಸ್ಟೀವ್ ಜಾಬ್ಸ್ ಅದರ ಕಾರಣಗಳನ್ನು ಬಹಿರಂಗ ಪತ್ರದಲ್ಲಿ ವಿವರಿಸಿದರು. ಕ್ರೋಮ್ 2015ರಲ್ಲಿ ಎನ್‌ಪಿಎಪಿಐ ಬೆಂಬಲವನ್ನು ತೆಗೆದುಹಾಕಿತು. ಫೈರ್‌ಫಾಕ್ಸ್ 2017ರಲ್ಲಿ ಫ್ಲ್ಯಾಶ್ ಹೊರತು ಉಳಿದವನ್ನು ಕೈಬಿಟ್ಟಿತು. ಅಡೋಬಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಬೆಂಬಲ ನಿಲ್ಲಿಸಿ, 2021ರ ಜನವರಿ 12ರಿಂದ ಅದರ ಪ್ರದರ್ಶನವನ್ನೇ ತಡೆಯಿತು. ಸಿಲ್ವರ್‌ಲೈಟ್ 2021ರ ಅಕ್ಟೋಬರ್‌ನಲ್ಲಿ ಕೊನೆಗೊಂಡಿತು.

ಬದಲಿ ವ್ಯವಸ್ಥೆ: 2014ರಲ್ಲಿ ಅಧಿಕೃತ ಶಿಫಾರಸಾದ ಎಚ್‌ಟಿಎಂಎಲ್5 ಧ್ವನಿ ಮತ್ತು ವಿಡಿಯೊಗಳನ್ನು ಬ್ರೌಸರಿನ ಸಹಜ ಸಾಮರ್ಥ್ಯವಾಗಿಸಿತು. ಯೂಟ್ಯೂಬ್ 2015ರಲ್ಲಿ ಅದನ್ನೇ ಮೊದಲ ಆಯ್ಕೆಯಾಗಿಸಿಕೊಂಡಿತು. ಚಿತ್ರಣಕ್ಕೆ ಕ್ಯಾನ್ವಾಸ್ ಮತ್ತು ವೆಬ್‌ಜಿಎಲ್, ವೇಗದ ಗಣನೆಗೆ ವೆಬ್‌ಅಸೆಂಬ್ಲಿ, ನೇರ ಸಂಭಾಷಣೆಗೆ ವೆಬ್‌ಆರ್‌ಟಿಸಿ ಬಳಕೆಯಲ್ಲಿವೆ. ಹಳೆಯ ಫ್ಲ್ಯಾಶ್ ಕೃತಿಗಳನ್ನು ಉಳಿಸಲು ಇಂಟರ್ನೆಟ್ ಆರ್ಕೈವ್ ಸಂಸ್ಥೆ ರಫಲ್ ಎಂಬ ಮುಕ್ತ ತಂತ್ರಾಂಶವನ್ನು ಬಳಸುತ್ತದೆ.